ಜೂನಿಯರ್ ಮನುಷ್ಯರು

ಎದುರಿಗೆ ಇಲ್ಲದವರ ಬಗ್ಗೆ ಮಾತನಾಡಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಎಲ್ಲಿಯೂ ಇಲ್ಲದವರ ಬಗ್ಗೆ ಮಾತನಾಡಬಹುದೇ ಎಂದು ಆಗಲೇ ಕೇಳಿಟ್ಟುಕೊಳ್ಳಬೇಕಿತ್ತು. ತೋಚಲಿಲ್ಲ.

ವೆಲ್ವೆಟ್ ಸನ್‌ಡೌನ್ ಎಂಬ ಸಂಗೀತ ತಂಡದ ಕತೆ ನೀವು ಓದಿಯೇ ಇರುತ್ತೀರಿ. 2025ರ ಜೂನ್‌ನಲ್ಲಿ ಎಲ್ಲಿಂದಲೋ ಉದುರಿದ ನಾಲ್ವರು. ಒಂದೇ ತಿಂಗಳಲ್ಲಿ ಎರಡು ಆಲ್ಬಂ, ಮರುತಿಂಗಳು ಇನ್ನೊಂದು. ನಮ್ಮಲ್ಲಿ ಒಂದು ಭಾವಗೀತೆ ಸಿ.ಡಿ. ಬಿಡುಗಡೆಗೆ ಅಧ್ಯಕ್ಷರ ದಿನಾಂಕ ಸಿಗುವುದಕ್ಕೇ ಮೂರು ತಿಂಗಳು ಬೇಕು. ಫೋಟೋದಲ್ಲಿ ನಾಲ್ವರ ಮುಖವೂ ಆಗಷ್ಟೇ ಇಸ್ತ್ರಿ ಮಾಡಿಸಿಕೊಂಡು ಬಂದಂತಿತ್ತು. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು. ಇಷ್ಟಾದ ಮೇಲೆ ತಿಳಿದದ್ದು, ಗಾಯಕ ಇಲ್ಲ, ಗಿಟಾರಿನವನು ಇಲ್ಲ, ಡ್ರಮ್ಮಿನವನೂ ಇಲ್ಲ. ಎಲ್ಲವನ್ನೂ ಕೃತಕ ಬುದ್ಧಿಮತ್ತೆಯ ಯಂತ್ರ ಹಾಡಿದ್ದು.

ನನಗೆ ಇದರಲ್ಲಿ ಬಹಳ ಇಷ್ಟವಾದವನು ವಕ್ತಾರ. ತಂಡದ ಪರವಾಗಿ ಆತ ಜಾಲತಾಣದಲ್ಲಿ ಪತ್ರಕರ್ತರ ಮೇಲೆ ಹರಿಹಾಯ್ದ: ನಮ್ಮದು ನಿಜವಾದ ವಾದ್ಯ, ಕ್ಯಾಲಿಫೋರ್ನಿಯಾದ ಇಕ್ಕಟ್ಟು ಮನೆಯಲ್ಲಿ ಬೆವರು ಸುರಿಸಿ ಕಟ್ಟಿದ ಹಾಡುಗಳು ಎಂದ. ಆಮೇಲೆ ರೋಲಿಂಗ್ ಸ್ಟೋನ್ ಪತ್ರಿಕೆಗೆ, ಹೌದು, ಯಂತ್ರ ಬಳಸಿದೆವು ಎಂದು ಒಪ್ಪಿಕೊಂಡ. ಅದಾದ ಮೇಲೆ ಇನ್ನೊಂದು ಒಪ್ಪಿಗೆ: ತನಗೂ ತಂಡಕ್ಕೂ ಸಂಬಂಧವೇ ಇಲ್ಲ, ಸುಮ್ಮನೆ ವಕ್ತಾರನ ವೇಷ ಹಾಕಿದ್ದೆ, ಹೆಸರೂ ಸುಳ್ಳು ಎಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಇಲ್ಲಿ ಕೂಸೇ ಇಲ್ಲ, ತೊಟ್ಟಿಲು ತೂಗಿದವನು ಪಕ್ಕದ ಮನೆಯವನೂ ಅಲ್ಲ, ಬೀದಿಯಲ್ಲಿ ಹೋಗುತ್ತಿದ್ದವನು. ಜೋಗುಳ ಮಾತ್ರ ಹತ್ತು ಲಕ್ಷ ಜನಕ್ಕೆ ಕೇಳಿಸಿದೆ. ಕೊನೆಗೆ ತಂಡದ ಪುಟದಲ್ಲೇ ಹೊಸ ಪರಿಚಯ ಬಂತು: ಪೂರ್ತಿ ಮನುಷ್ಯರೂ ಅಲ್ಲ, ಪೂರ್ತಿ ಯಂತ್ರವೂ ಅಲ್ಲ, ನಡುವೆ ಎಲ್ಲೋ ಇದ್ದೇವೆ ಎಂದು. ನರನೂ ಅಲ್ಲದ ಮೃಗವೂ ಅಲ್ಲದ ಅವತಾರ ನಮಗೆ ಹೊಸದಲ್ಲ. ನರಸಿಂಹ ಕಂಬದಿಂದ ಬಂದ, ಇವರು ಸರ್ವರ್‌ನಿಂದ ಬಂದರು. ಅವನು ಬಂದ ಕೆಲಸ ಮುಗಿಸಿ ಹೊರಟಿದ್ದ, ಇವರು ಹೊರಡುವ ಹಾಗೆ ಕಾಣುವುದಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಸೊಪ್ಪು ಬಿಡಿಸುತ್ತಾ ಕುಳಿತಿದ್ದಾಗ ಮೊಬೈಲ್ ತಾನಾಗಿಯೇ ಈ ತಂಡದ ಹಾಡೊಂದನ್ನು ಹಾಕಿತು. ಚೆನ್ನಾಗಿತ್ತು. ಹಳೆಯ ಕಾಲದ್ದೇ ಇರಬೇಕೆಂದು ಊಹಿಸಿ, ಊಹೆ ಎಂದು ಹೇಳದೆ, ‘ಎಪ್ಪತ್ತರ ದಶಕದ ತಂಡ, ಈಗ ಯಾರೂ ನೆನೆಯುವುದಿಲ್ಲ’ ಎಂದು ಒಕ್ಕಣೆ ಬರೆದು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಎರಡೇ ನಿಮಿಷದಲ್ಲಿ ಶಿವಮೊಗ್ಗದ ಭಾವನ ಉತ್ತರ ಬಂತು: ‘ಕಾಲೇಜಿನಲ್ಲಿ ಇವರ ಕ್ಯಾಸೆಟ್ ನನ್ನ ಹತ್ತಿರ ಇತ್ತು.’

ಸುಳ್ಳು ಹಾಡುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ನಮ್ಮ ಬಡಾವಣೆಯ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಒಬ್ಬ ಗಾಯಕ ಕಣ್ಣು ಮುಚ್ಚಿ ತನ್ಮಯನಾಗಿ ಹಾಡುತ್ತಿದ್ದ. ಮುಂದಿನ ಸಾಲಿನಿಂದ ಯಾರೋ ಐನೂರರ ನೋಟು ಚಾಚಿದರು. ಎರಡೂ ಕೈಯಿಂದ ತೆಗೆದುಕೊಳ್ಳುವುದು ಸಂಸ್ಕಾರವಲ್ಲವೇ, ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದ. ಚರಣ ಒಂದಿಷ್ಟೂ ಅಲುಗದೆ ಸಾಗಿತು, ಆಲಾಪದ ಸಮೇತ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು, ‘ಸಾಧನೆ ನೋಡಿ, ಕಂಕುಳಲ್ಲಿಯೂ ಹಾಡುತ್ತಾನೆ’ ಎಂದರು. ಅದೇ ರಾತ್ರಿ, ಅದೇ ವೇದಿಕೆಗೆ ಜೂನಿಯರ್ ರಾಜ್‌ಕುಮಾರ್ ಬಂದರು, ಅವರ ಹಿಂದೆ ಜೂನಿಯರ್ ವಿಷ್ಣುವರ್ಧನ್. ಅಂಟಿಸಿದ ಮೀಸೆ, ಬಾಡಿಗೆ ಕೋಟು, ಕೈಗೆ ಕಡಗ. ಆ ‘ಜೂನಿಯರ್’ ಎಂಬ ಪದವನ್ನು ನಾನು ಅಂದಿನಿಂದ ಗೌರವಿಸುತ್ತೇನೆ. ನಾನು ಅವರಲ್ಲ, ಅವರಂತೆ ಇರಲು ಪ್ರಯತ್ನಿಸುತ್ತಿದ್ದೇನೆ, ದಯವಿಟ್ಟು ಚಪ್ಪಾಳೆ ತಟ್ಟಿ ಎನ್ನುವುದನ್ನೆಲ್ಲ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ. ಕ್ಯಾಲಿಫೋರ್ನಿಯಾದ ಆ ನಾಲ್ವರಿಗೂ ಹೀಗೊಂದು ಬಿರುದು ಕೊಡಬಹುದಿತ್ತು: ಜೂನಿಯರ್ ಮನುಷ್ಯರು.

ಹೆಸರಿನ ಮಾತು ಬಂತು. ಸ್ವೀಡನ್ನಿನಲ್ಲಿ ಯೋಹಾನ್ ರೋರ್ ಎಂಬ ಸಂಗೀತಗಾರ 650ಕ್ಕೂ ಹೆಚ್ಚು ಹೆಸರುಗಳಲ್ಲಿ 2,700ಕ್ಕೂ ಹೆಚ್ಚು ಹಾಡು ಬಿಟ್ಟಿದ್ದಾರೆಂದು 2024ರಲ್ಲಿ ಅಲ್ಲಿನ ಪತ್ರಿಕೆಯೊಂದು ಪತ್ತೆ ಹಚ್ಚಿತು. ಆ ಹಾಡುಗಳನ್ನು ಸ್ಪಾಟಿಫೈನಲ್ಲಿ ಕೇಳಿದ ಲೆಕ್ಕ 1,500 ಕೋಟಿ ಸಲ. ನಿದ್ದೆ ಬರಿಸುವ, ಓದುವಾಗ ಹಿಂದೆ ಗುನುಗುವ ಬಗೆಯವು. ಪಾಪ, ಅವರು ಮನುಷ್ಯರೇ, ನುಡಿಸಿದ್ದೂ ಅವರೇ. ಆದರೆ 650 ಹೆಸರು! ನಮ್ಮ ಪುರಂದರದಾಸರು 4,75,000 ಕೀರ್ತನೆ ರಚಿಸಿದರೆಂದು ಪ್ರತೀತಿ. ಅಷ್ಟಕ್ಕೂ ಗುರು ವ್ಯಾಸರಾಯರು ಕೊಟ್ಟ ಒಂದೇ ಅಂಕಿತ, ಪುರಂದರ ವಿಠಲ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ. ಅಂಕಿತವೂ ಬೇರೆ ಹೆಸರೇ, ಆದರೆ ಹಾಡಿದವರು ಅಡಗಿಕೊಳ್ಳಲು ಇಟ್ಟುಕೊಂಡದ್ದಲ್ಲ. ಈ ಮಾತು ನನ್ನದು, ಇದಕ್ಕೆ ನಾನೇ ಹೊಣೆ ಎಂದು ಕೊನೆಯ ಸಾಲಿನಲ್ಲಿ ಒತ್ತುವ ಮುದ್ರೆ. ಕರ್ನಾಟಕ ಸಂಗೀತದವರು ಅದನ್ನು ಮುದ್ರೆ ಎಂದೇ ಕರೆಯುತ್ತಾರೆ.

ಮಿಲ್ಲಿ ವನಿಲ್ಲಿ ಎಂಬ ಪಾಪ್ ಜೋಡಿ ನೆನಪಿದೆಯೇ? ಕುಣಿದವರು ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮೋರ್ವಾನ್, ಹಾಡಿದವರು ಬೇರೆ. 1989ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕಾರ್ಯಕ್ರಮದ ನಡುವೆ ಧ್ವನಿಮುದ್ರಣ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿತು. ನಮ್ಮ ಗಾಯಕನಿಗಾದರೆ ಕಂಕುಳಿತ್ತು. ಆಮೇಲೂ ಗ್ರ್ಯಾಮಿ ಪ್ರಶಸ್ತಿ ಬಂತು, 1990ರ ನವೆಂಬರಿನಲ್ಲಿ ಅದನ್ನು ಕಿತ್ತುಕೊಂಡರು. ಕೊಂಡ ಆಲ್ಬಮ್ಮಿಗೆ ಹಣ ವಾಪಸ್ ಕೊಡಿ ಎಂದು ಜನ ಕೋರ್ಟಿಗೆ ಹೋದರು. ಜಗತ್ತೆಲ್ಲ ಆ ಇಬ್ಬರು ಹುಡುಗರನ್ನು ನೋಡಿ ನಕ್ಕಿತು. ಇಡೀ ನಾಟಕ ಕಟ್ಟಿದ ನಿರ್ಮಾಪಕ ಫ್ರಾಂಕ್ ಫಾರಿಯನ್ ಮುಂದೆಯೂ ಹಾಡು ಮಾಡಿಕೊಂಡು, ದುಡ್ಡು ಮಾಡಿಕೊಂಡು, ತುಂಬು ಬದುಕು ಬಾಳಿ 2024ರಲ್ಲಿ ತೀರಿಕೊಂಡ. ರಾಬ್ 1998ರಲ್ಲಿ, ಮೂವತ್ತು ದಾಟಿ ಎರಡು ಮೂರು ವರ್ಷವಾಗಿರುವಾಗಲೇ, ಜರ್ಮನಿಯ ಹೋಟೆಲ್ ಕೋಣೆಯೊಂದರಲ್ಲಿ ಸತ್ತುಬಿದ್ದಿದ್ದ. ಇದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಈಗ ನೆನಪಾಗುವುದಿಲ್ಲ.

ಆ ಅನುಭವದಿಂದ ಉದ್ಯಮ ಪಾಠ ಕಲಿತಿದೆ: ಅವಮಾನವಾಗಲು ಮುಖ ಬೇಕು, ಆದ್ದರಿಂದ ಮುಖವನ್ನೇ ಇಡಬೇಡಿ. ನಾರ್ತ್ ಕೆರೊಲಿನಾದ ಒಬ್ಬನ ಮೇಲೆ 2024ರಲ್ಲಿ ಅಮೆರಿಕದ ಸರ್ಕಾರ ಹೊರಿಸಿದ ಆರೋಪ ಓದಿ. ಯಂತ್ರದಿಂದ ಲಕ್ಷಗಟ್ಟಲೆ ಹಾಡು ಮಾಡಿಸಿ, ಸಾವಿರಾರು ಸುಳ್ಳು ಖಾತೆಗಳಿಂದ ಯಂತ್ರಕ್ಕೇ ಅದನ್ನು ಕೇಳಿಸಿ, ಒಂದು ಕೋಟಿ ಡಾಲರ್‌ಗೂ ಮೀರಿ ರಾಯಧನ ಎತ್ತಿದನಂತೆ. ಹಾಡುವವರಿಲ್ಲ, ಕೇಳುವವರಿಲ್ಲ, ದುಡ್ಡು ಮಾತ್ರ ನಿಜ. ಅವನ ಕಲಾವಿದರ ಪಟ್ಟಿಯಲ್ಲಿ ಒಂದು ಹೆಸರು ‘ಕಾಮ್ ನಕಲ್ಸ್’. ನಕಲು ಎಂದು ಹೆಸರಿನಲ್ಲೇ ಬರೆದುಕೊಂಡಿದ್ದಾನೆ, ಕನ್ನಡ ಬಲ್ಲ ಒಬ್ಬ ಗುಮಾಸ್ತನಿದ್ದಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ಆ ಕೋಟಿ ಎಲ್ಲಿಂದ ಬಂತು? ಕೇಳುಗರ ಚಂದಾ, ಜಾಹೀರಾತು ಎಲ್ಲ ಒಂದೇ ಹುಂಡಿಗೆ ಬಿದ್ದು, ಎಷ್ಟು ಸಲ ಕೇಳಿದರೆಂಬ ಲೆಕ್ಕದಲ್ಲಿ ಪಾಲಾಗುತ್ತದೆ. ಇಲ್ಲದವನು ಎತ್ತಿದ್ದು ಇರುವವನ ಪಾಲು. ಇಂಥ ಮೋಸವೂ ತಗ್ಗುತ್ತದೆ ಎಂದು ಹೇಳಿ ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿತು: ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. ಹತ್ತು ಲಕ್ಷ ಕೇಳುಗರನ್ನು ಕಂಡ, ಇಲ್ಲದ ತಂಡಕ್ಕೆ ಈ ನಿಯಮ ತಾಗುವುದಿಲ್ಲ. ತಾಗಿದ್ದು ನನ್ನ ಪರಿಚಯದ ಒಬ್ಬ ಹುಡುಗಿಗೆ. ಸಂಗೀತದ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಸ್ಟುಡಿಯೋ ಬಾಡಿಗೆ, ತಬಲಾದವರಿಗೆ, ಕೊಳಲಿನವರಿಗೆ ಕೈಯಿಂದ ಕೊಟ್ಟು ಒಂದು ವಚನ ಹಾಡಿದಳು. 912 ಸಲ ಕೇಳಿದ್ದಾರೆ. ಅದರಲ್ಲಿ ಒಂದಿಪ್ಪತ್ತು ನಾನು. ಮಿಕ್ಕ 88ಕ್ಕೆ ನೆಂಟರಿಗೆ ಹೇಳಿಸಲೇ ಎಂದು ಕೇಳಿದೆ. ‘ಬೇಡ ಅಂಕಲ್, ಅದೂ ಸುಳ್ಳು ಕೇಳಿಸಿದ ಹಾಗೆಯೇ’ ಎಂದಳು. ನನಗೆ ಮಾತು ಹೊರಡಲಿಲ್ಲ.

ಭಾವನಿಗೆ ನಿಜ ಹೇಳಲು ಮೊನ್ನೆ ಫೋನ್ ಮಾಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು, ಆ ಕ್ಯಾಸೆಟ್ಟನ್ನು ಹಾಸ್ಟೆಲ್ಲಿನ ಗೆಳೆಯನೊಬ್ಬ ಒಯ್ದವನು ಇವತ್ತಿಗೂ ಹಿಂದಿರುಗಿಸಿಲ್ಲ ಎಂದು ಬೇಸರ ಮಾಡಿಕೊಂಡರು. ಎರಡನೆಯ ಬದಿಯ ಹಾಡುಗಳು ಇನ್ನೂ ಚೆನ್ನಾಗಿದ್ದವಂತೆ.