ಆರ್‌ಟಿಎಲ್‌ನಲ್ಲಿ ಸುಮ್ನೆ ಒಂದು * ಹಾಕಿ, ಸಾಕು

ಆರ್‌ಟಿಎಲ್ ಅಂದರೆ ಚಿಪ್ ಏನು ಮಾಡಬೇಕು ಅಂತ ಬರೆದ ಕೋಡ್, ಅದನ್ನು ಗೇಟ್‌ಗಳಾಗಿ ಬದಲಿಸುವುದು ಸಿಂಥೆಸಿಸ್. ಎಷ್ಟೋ ಸಿಂಥೆಸಿಸ್ ಸ್ಕ್ರಿಪ್ಟ್‌ಗಳಲ್ಲಿ ಒಂದು ಹಳೇ ಸಾಲು ಇರುತ್ತದೆ. ಡಿಸೈನ್‌ನಲ್ಲಿರುವ ಎಲ್ಲ ಮಲ್ಟಿಪ್ಲೈಯರ್‌ಗಳೂ (ಗುಣಾಕಾರದ ಸರ್ಕ್ಯೂಟ್‌ಗಳೂ) ಬೂತ್ ಅನ್ನುವ ವಿಧಾನದವೇ ಆಗಿ ಬರಬೇಕು ಅಂತ ಟೂಲಿಗೆ ಕಟ್ಟಪ್ಪಣೆ ಮಾಡುವ ಸಾಲು. ಯಾರು ಬರೆದರೋ, ಯಾವ ಚಿಪ್‌ಗೆ ಬರೆದರೋ ಯಾರಿಗೂ ಗೊತ್ತಿಲ್ಲ. ತೆಗೆಯೋಣ್ವಾ ಅಂದರೆ "ಇರಲಿ ಬಿಡಿ, ಇಲ್ಲಿವರೆಗೆ ನಡೆದಿದೆಯಲ್ಲ" ಅಂತಾರೆ. ನನ್ನ ಪ್ರಕಾರ ಅದು ತೆಗೆಯಲೇಬೇಕಾದ ಸಾಲು. ಆರ್‌ಟಿಎಲ್‌ನಲ್ಲಿ ಗುಣಾಕಾರಕ್ಕೆ ಒಂದು * ಬರೆದು ಆಯ್ಕೆಯನ್ನು ಟೂಲಿಗೇ ಬಿಡಿ.

ಬೂತ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಂಡ್ರ್ಯೂ ಬೂತ್ 1950ರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಕಂಡುಕೊಂಡ ಉಪಾಯ ಅದು, ನಾವು ಇವತ್ತು ಬಳಸುವುದು ಅದರ ಸುಧಾರಿಸಿದ ರೇಡಿಕ್ಸ್-4 ರೂಪ, ಅಂದರೆ ಒಂದು ಸಾಲಿಗೆ ಎರಡೆರಡು ಬಿಟ್ ಮುಗಿಸುವಂಥದ್ದು. 32 ಬಿಟ್‌ನ ಎರಡು ಸೈನ್ಡ್ ಸಂಖ್ಯೆಗಳನ್ನು ಗುಣಿಸಲು ಬರೀ ಆಂಡ್ ಗೇಟ್ ಇಟ್ಟರೆ 32 ಪಾರ್ಷಿಯಲ್ ಪ್ರಾಡಕ್ಟ್ ಸಾಲು (ಕೊನೆಗೆ ಕೂಡಬೇಕಾದ ಬಿಡಿ ಗುಣಲಬ್ಧಗಳು) ಬರುತ್ತವೆ, ಬೂತ್ ಆದರೆ 16. ಅರ್ಧಕ್ಕರ್ಧ ಉಳಿಯಿತು ಅಂತ ಎಲ್ಲರೂ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಸ್ವಲ್ಪ ಮುಂದೆ ಹೋಗಿ. ಈ ಸಾಲುಗಳನ್ನು ಫುಲ್ ಆಡರ್‌ಗಳಲ್ಲಿ (ಮೂರು ಬಿಟ್ ಕೂಡಿ ಎರಡು ಬಿಟ್ ಕೊಡುವ ಸರ್ಕ್ಯೂಟ್) ಕುಗ್ಗಿಸುತ್ತಾ ಎರಡು ಸಾಲಿಗೆ ತರಬೇಕು. ಲುಯಿಜಿ ದಾದಾ 1965ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 32 ಸಾಲಿಗೆ 8 ಹಂತ ಬೇಕು. ಬೂತ್‌ನಲ್ಲಿ ಕೊನೆಯ ಸಾಲು ನೆಗೆಟಿವ್ ಆದಾಗ ಸೇರಿಸುವ ಬಿಟ್‌ನಿಂದ ಎತ್ತರ 17 ಆಗುತ್ತದೆ, ಅದಕ್ಕೆ 6 ಹಂತ. ಅಂದರೆ ಸಾಲು ಅರ್ಧವಾದರೂ ಹಂತ ಉಳಿದದ್ದು ಎರಡೇ! 8 ಬಿಟ್‌ಗೆ ಬನ್ನಿ, 4 ಹಂತ ಇದ್ದದ್ದು 3 ಆಗುತ್ತದೆ, ಅಷ್ಟೆ. ಇದಕ್ಕೆ ನೀವು ಕೊಡುವ ಬೆಲೆ? ಒಂದು ಆಂಡ್ ಗೇಟ್ ಇದ್ದ ಕಡೆ ಎನ್‌ಕೋಡರ್, ಅದರ ಹಿಂದೆ ಮಕ್ಸ್ (ಹಲವು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್), ಇಡೀ ಸಾಲಿಗೆ ಸೆಲೆಕ್ಟ್ ಸಿಗ್ನಲ್ ಹಂಚಲು ಬಫರ್‌ಗಳು. ಚಿಕ್ಕ ಮಲ್ಟಿಪ್ಲೈಯರ್‌ನಲ್ಲಿ ಬಹಳ ಸಲ ಇದು ನಷ್ಟದ ವ್ಯಾಪಾರ.

ಯಾವುದು ಲಾಭ ಅನ್ನುವುದು ಬಿಟ್ ಅಗಲ, ಕ್ಲಾಕ್, ಲೈಬ್ರರಿಯ ಸೆಲ್‌ಗಳು (ಸಿದ್ಧ ಗೇಟ್‌ಗಳು), ಯಾವ ಇನ್‌ಪುಟ್ ತಡವಾಗಿ ಬರುತ್ತದೆ, ಇದೆಲ್ಲದರ ಮೇಲೆ ನಿಂತಿದೆ. ಡಿಸೈನ್ ಕಂಪೈಲರ್, ಜೀನಸ್ ತರಹದ ಸಿಂಥೆಸಿಸ್ ಟೂಲ್‌ಗಳು ಪ್ರತಿ ಮಲ್ಟಿಪ್ಲೈಯರ್‌ಗೂ ಇದನ್ನೆಲ್ಲ ಬೇರೆಬೇರೆಯಾಗಿ ನೋಡಿ ಆರಿಸುತ್ತವೆ. ಕೇಳಿದವರಿಗೆ ಬೂತ್ ಬೇಕಾ ಬೇಡವಾ ಅಂತ ಒಂದೊಂದಕ್ಕೇ ಹೇಳುವ ಅವಕಾಶವೂ ಇದೆ. ಓಪನ್ ಸೋರ್ಸ್ ಯೋಸಿಸ್ ಮಾತ್ರ ಬೇರೆ ಕಥೆ, ಅಲ್ಲಿ ಬೂತ್ ಬೇಕು ಅಂದರೆ ನೀವೇ ಆಪ್ಷನ್ ಕೊಡಬೇಕು. ಅಲ್ಲಿ ಎರಡೂ ಓಡಿಸಿ ನೋಡದೆ ಬೇರೆ ದಾರಿ ಇಲ್ಲ.

ನಿಜವಾದ ಹಿಡಿತ ಇರುವುದು ಆರ್‌ಟಿಎಲ್‌ನಲ್ಲಿ. a*b + c*d ಅಂತ ಒಂದೇ ಕಡೆ ಬರೆದರೆ ಟೂಲ್ ಎರಡೂ ಗುಣಾಕಾರದ ಸಾಲುಗಳನ್ನು ಒಂದೇ ಮರದಲ್ಲಿ ಕುಗ್ಗಿಸಿ ಕೊನೆಗೆ ಒಂದೇ ಒಂದು ಉದ್ದದ ಆಡರ್ ಇಡುತ್ತದೆ. ಎರಡು ಗುಣಾಕಾರವನ್ನೂ ಬೇರೆ ಮಾಡ್ಯೂಲ್‌ಗೆ ಹಾಕಿ ಹೈರಾರ್ಕಿ (ಮಾಡ್ಯೂಲ್‌ಗಳ ಗಡಿ) ಮುಟ್ಟಬೇಡ ಅಂದಿರೋ, ಅಂಥ ಆಡರ್ ಮೂರಾಗುತ್ತವೆ. ಮಧ್ಯದ ಉತ್ತರದ ಮೇಲಿನ ಬಿಟ್ ಕತ್ತರಿಸಿ ಮತ್ತೆ ಅಗಲ ಮಾಡಿದರೂ ಜೋಡಣೆ ಮುರಿಯುತ್ತದೆ. ಇದನ್ನು ಸರಿಮಾಡಿದರೆ ಸಿಗುವ ಲಾಭದ ಮುಂದೆ ಬೂತಾ ಅಲ್ಲವಾ ಅನ್ನುವ ಜಗಳ ಏನೂ ಅಲ್ಲ. ಇನ್ನು ವ್ಯಾಲೇಸ್ ಟ್ರೀಯನ್ನು (ಸಾಲು ಕುಗ್ಗಿಸುವ ಒಂದು ಬಗೆಯ ಮರ) ಕೈಯಾರೆ ಗೇಟ್ ಗೇಟ್ ಜೋಡಿಸಿ ಬರೆಯುವವರಿದ್ದಾರೆ. ಪಾಪ, ಶ್ರಮ ಜಾಸ್ತಿ. ಅಲ್ಲೊಂದು ಗುಣಾಕಾರ ಇದೆ ಅನ್ನುವುದೇ ಟೂಲಿಗೆ ಗೊತ್ತಾಗುವುದಿಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಫೈನಲ್ ಇಯರ್ ಪ್ರಾಜೆಕ್ಟ್‌ಗಳ 'ವೇದಿಕ್ ಮಲ್ಟಿಪ್ಲೈಯರ್' ಬಗ್ಗೆಯೂ ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಅದರ ಮೂಲವಾದ ಊರ್ಧ್ವ ತಿರ್ಯಕ್ ಸೂತ್ರ ಅಂದರೆ ಪ್ರತಿ ಕಾಲಮ್ಮಿನ ಅಡ್ಡ ಗುಣಲಬ್ಧಗಳನ್ನು ಕೂಡುವುದು. ಬೈನರಿಯಲ್ಲಿ ಅದೇ ಆಂಡ್ ಗೇಟ್, ಅದೇ ಪಾರ್ಷಿಯಲ್ ಪ್ರಾಡಕ್ಟ್. ಬಾಯಲ್ಲಿ ಲೆಕ್ಕ ಮಾಡಲು ಚೆನ್ನ, ಸಿಲಿಕಾನ್‌ಗೆ ಹೊಸದೇನಿಲ್ಲ. ಹೋಲಿಸುವುದಾದರೆ ಅದೇ ಕ್ಲಾಕ್‌ನಲ್ಲಿ ಒಂದು ಸಾದಾ * ಜೊತೆ ಹೋಲಿಸಿ.

ಹಾಗಾದರೆ ಬಲವಂತ ಮಾಡಲೇಬಾರದಾ? ಮಾಡಬಹುದು, ಒಂದು ನಿರ್ದಿಷ್ಟ ಇನ್‌ಸ್ಟನ್ಸ್‌ಗೆ, ಪ್ಲೇಸ್ ಅಂಡ್ ರೂಟ್ (ಗೇಟ್‌ಗಳನ್ನು ಚಿಪ್ ಮೇಲೆ ಕೂರಿಸಿ ತಂತಿ ಎಳೆಯುವುದು) ಆದ ಮೇಲಿನ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು, ಕಾರಣವನ್ನು ಕಾಮೆಂಟ್‌ನಲ್ಲಿ ಬರೆದು. ನನಗೆ ಪೂರ್ತಿ ಒಪ್ಪಿಗೆಯಾಗುವ ಕಾರಣ ಇನ್ನೊಂದಿದೆ, ಫಾರ್ಮಲ್ ಇಕ್ವಿವಲೆನ್ಸ್ ಚೆಕ್, ಅಂದರೆ ಆರ್‌ಟಿಎಲ್ ಮತ್ತು ನೆಟ್‌ಲಿಸ್ಟ್ (ಸಿಂಥೆಸಿಸ್‌ನಿಂದ ಬಂದ ಗೇಟ್‌ಗಳ ಪಟ್ಟಿ) ಒಂದೇ ಕೆಲಸ ಮಾಡುತ್ತವೆ ಅಂತ ಸಾಬೀತು ಮಾಡುವುದು. ಗುಣಾಕಾರಕ್ಕೆ ಬಿಡಿಡಿ (ಲಾಜಿಕ್ಕನ್ನು ಹೌದು-ಇಲ್ಲ ನಿರ್ಧಾರಗಳ ಚಿತ್ರವಾಗಿ ಬರೆಯುವ ರೂಪ) ಕಟ್ಟಿದರೆ ಅದು ಘಾತೀಯವಾಗಿ ಬೆಳೆಯುತ್ತದೆ ಅಂತ ರ‍್ಯಾಂಡಲ್ ಬ್ರಯಾಂಟ್ 1986ರಲ್ಲೇ ತೋರಿಸಿದ್ದರು. ನೆಟ್‌ಲಿಸ್ಟ್‌ನಲ್ಲಿ ಬೂತ್ ಇದ್ದು, ಚೆಕ್ಕರ್ ತನ್ನ ಕಡೆ ಬೇರೆ ರೂಪ ಕಟ್ಟಿಕೊಂಡು ಹೋಲಿಸಲು ಕೂತರೆ ರಾತ್ರಿಯೆಲ್ಲ ಓಡಿ ಬೆಳಗ್ಗೆ ಅಬಾರ್ಟ್ ಅನ್ನುತ್ತದೆ. ಮೊದಲು ಸಿಂಥೆಸಿಸ್ ಟೂಲ್ ತಾನು ಮಾಡಿದ್ದನ್ನು ಬರೆದಿಟ್ಟ ಗೈಡ್ ಫೈಲನ್ನು ಚೆಕ್ಕರ್ ಸರಿಯಾಗಿ ಓದಿದೆಯಾ ನೋಡಿ. ಓದಿಯೂ ಆಗದಿದ್ದರೆ, ಟೈಮಿಂಗ್‌ನಲ್ಲಿ ಜಾಗ ಇದ್ದರೆ, ಆ ಒಂದು ಮಲ್ಟಿಪ್ಲೈಯರ್‌ಗೆ ಮಾತ್ರ ನಾನ್-ಬೂತ್ ಅಂತ ಹೇಳಿ ಮತ್ತೆ ಓಡಿಸಿ.