‘ನಿಮ್ಮೂರ ಹೆಸರು ಹೇಗೆ ಬಂತು?’

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಿಂದ ಮೆಕ್ಸಿಕೋ ಗಡಿ ಕಡೆ 85ನೇ ಹೆದ್ದಾರಿ ಹಿಡಿದು ಹೋದರೆ, ಅಜೋ ದಾಟಿದ ಮೇಲೆ ಒಂದು ಪುಟ್ಟ ಊರು ಸಿಗುತ್ತದೆ. ಹೆಸರು ವೈ. ‘ಯಾಕೆ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಅಂತೀವಲ್ಲ, ಅದೇ ವೈ. ಪೆಟ್ರೋಲ್ ಹಾಕಿಸಲು ನಿಂತಾಗ ಕೌಂಟರಿನಲ್ಲಿದ್ದ ಅಜ್ಜಿಯನ್ನು ಸುಮ್ನೆ ಕೇಳಿದೆ, ಇದೆಂಥ ಹೆಸರು ಅಂತ.

ಆಕೆ ರಸೀದಿ ತಿರುಗಿಸಿ ಪೆನ್ನಿನಲ್ಲಿ ಮೂರು ಗೆರೆ ಎಳೆದರು. 85 ಮತ್ತು 86ನೇ ಹೆದ್ದಾರಿಗಳು ಇಲ್ಲಿ ಕವೆಗೋಲಿನ ಹಾಗೆ, ಇಂಗ್ಲಿಷಿನ ‘ವೈ’ (Y) ಅಕ್ಷರದ ಹಾಗೆ ಕೂಡುತ್ತಿದ್ದವು. ಊರಿನ ಹೆಸರಿಗೆ ಕಡೇಪಕ್ಷ 3 ಅಕ್ಷರ ಇರಲೇಬೇಕಿತ್ತಂತೆ. ಅದಕ್ಕೇ ಉಚ್ಚಾರ ಅದೇ ಇಟ್ಟುಕೊಂಡು 3 ಅಕ್ಷರದ ‘ವೈ’ (Why) ಮಾಡಿಕೊಂಡರಂತೆ. ಆಮೇಲೆ ಅಪಘಾತ ತಪ್ಪಿಸಲು ಆ ಕೂಡುರಸ್ತೆಯನ್ನು ‘ಟಿ’ ಆಕಾರಕ್ಕೆ ತಿದ್ದಿದರು. ಹೆಸರು ಹಾಗೇ ಉಳಿಯಿತು.

‘ನಿಮ್ಮೂರ ಹೆಸರು ಹೇಗೆ ಬಂತು?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮೂರ ಹೆಸರಿನ ಕೊನೆಗೆ ‘ಕುಂಟೆ’ ಇದೆ, ಅಂದರೆ ಸಣ್ಣ ಕೆರೆ. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಅಂತ ಅದನ್ನು ನೂರು ಸಲ ಬರೆದಿದ್ದೇನೆ. ಆ ಕುಂಟೆ ಎಲ್ಲಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ನಮ್ಮಲ್ಲಿ ಕೇಳಿದರೂ ಏನು ಸಿಗುತ್ತದೆ? ಇಲ್ಲಿ ಸೀತೆ ಸ್ನಾನ ಮಾಡಿದಳು, ಅಲ್ಲಿ ಭೀಮ ಬಂಡೆ ಎಸೆದ. ಬೆಂಗಳೂರನ್ನೇ ನೋಡಿ. ಅಜ್ಜಿಯೊಬ್ಬಳು ವೀರಬಲ್ಲಾಳನಿಗೆ ಬೆಂದ ಕಾಳು ಕೊಟ್ಟ ಕತೆಯನ್ನು ಇವತ್ತಿಗೂ ಹೇಳುತ್ತೇವೆ. ಆದರೆ ಬಲ್ಲಾಳನಿಗಿಂತ ಎಷ್ಟೋ ಮೊದಲೇ, ಸುಮಾರು 890ರ ಹೊತ್ತಿಗೆ, ಬೇಗೂರಿನ ಕಲ್ಲಿನಲ್ಲಿ ಬೆಂಗಳೂರು ಅಂತಲೇ ಕೊರೆದಿದ್ದಾರೆ. ಬೇಗೂರಿನ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿದ್ದೇನೆ! ಕೈ ಮುಗಿದು, ತೀರ್ಥ ತಗೊಂಡು ಬಂದೆ. ಕಲ್ಲು ನೋಡಲಿಲ್ಲ. ನಮ್ಮೂರಲ್ಲೂ ಬಾವಿ ಪಕ್ಕ ಅಕ್ಷರ ಇದ್ದ ಒಂದು ಚಪ್ಪಡಿ ಇತ್ತು. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಸೋಪಿನ ನೊರೆ ಅಕ್ಷರದ ಗುಂಡಿಗಳಲ್ಲಿ ಬೆಳ್ಳಗೆ ನಿಲ್ಲುತ್ತಿತ್ತು. ಏನು ಬರೆದಿದೆ ಅಂತ ಯಾರೂ ಬಗ್ಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ಮರುಭೂಮಿಯ ಬೆರಳೆಣಿಕೆ ಮನೆಗಳವರಿಗೆ ಇರುವ ಈ ಅಕ್ಕರೆ ನಮಗೆ ಯಾಕಿಲ್ಲ? ಇದು ನನಗೆ ನಿಜವಾಗಲೂ ನೋವು ಕೊಡುತ್ತದೆ.

ಒಂದು ಮಾತು ಒಪ್ಪಲೇಬೇಕು. ವೈ ಅನ್ನುವ ಹೆಸರಿನ ವಯಸ್ಸು ಆ ಡಾಂಬರು ರಸ್ತೆಗಳಷ್ಟೇ. ಅದಕ್ಕೂ ಮೊದಲಿಂದ ಆ ನೆಲದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಓದಮ್ ಜನ ಇದ್ದಾರೆ. ಅವರು ಆ ಜಾಗವನ್ನು ಏನಂತ ಕರೆಯುತ್ತಿದ್ದರೋ, ರಸೀದಿಯ ಹಿಂದೆ ಅದು ಇರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ಸೋದರತ್ತೆಯನ್ನು ಕೇಳಿದೆ. ಕುಂಟೆ ಇದ್ದದ್ದು ಈಗಿನ ಬಸ್ ಸ್ಟ್ಯಾಂಡ್ ಜಾಗದಲ್ಲಂತೆ, ಮಣ್ಣು ತುಂಬಿ ಮುಚ್ಚಿದರಂತೆ. ‘ಮಳೆ ಜಾಸ್ತಿ ಆದ ವರ್ಷ ನೀರು ಹುಣಸೆಮರದ ಬುಡಕ್ಕೆ ಬರ್ತಿತ್ತು ಕಣೋ, ಎಮ್ಮೆ ಮೈ ತೊಳೀತಿದ್ವಿ’ ಅಂದರು. ಅರ್ಧ ಗಂಟೆ ಮಾತಾಡಿದರು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.