ಎರಡನೇ ವೇಪ್: ದೊಡ್ಡದು ಬೇಡ, ಅಂಥದ್ದೇ ಇನ್ನೊಂದು ಸಾಕು

ನಮ್ಮ ಮನೆಯಲ್ಲಿ ಫ್ಯಾನ್ ಗಾಳಿಗೆ ಕಾಗದ ಹಾರದ ಹಾಗೆ ಮೇಲೆ ಇಡಲು ಒಂದು ಭಾರದ ವಸ್ತು ಇದೆ. ಕಪ್ಪು ಬಣ್ಣ, ಮುಂದೆ ಪುಟ್ಟ ಸ್ಕ್ರೀನ್, ಹೊಳೆಯುವ ಬಟನ್. ಅದು ನನ್ನ ಎರಡನೇ ವೇಪ್, ಅಂದರೆ ಹೊಗೆಯ ಬದಲು ನಿಕೋಟಿನ್ ಆವಿ ಎಳೆಯುವ ಇ-ಸಿಗರೇಟು. ಆಸೆಪಟ್ಟು ತಂದಿದ್ದು. ಹತ್ತು ದಿನವೂ ಬಳಸಲಿಲ್ಲ.

ನಿನ್ನೆ ತಮ್ಮನ ವಯಸ್ಸಿನ ಗೆಳೆಯನೊಬ್ಬ ಮೆಸೇಜ್ ಮಾಡಿದ್ದ. "ಅಣ್ಣಾ, ಸಿಗರೇಟು ಬಿಟ್ಟು ಎರಡು ತಿಂಗಳಾಯ್ತು. ಪಾಡ್ ಯಾಕೋ ಸಾಕಾಗ್ತಿಲ್ಲ. ಮುಂದಿನದು ಯಾವುದು ತಗೊಳ್ಳಲಿ?" ಪಾಡ್ ಅಂದರೆ ಪುಟ್ಟ, ಸರಳ ವೇಪ್. ಅವನಿಗೆ ಬರೆಯಲು ಕೂತೆ. ಉದ್ದವಾಯಿತು. ಹಾಗಾಗಿ ಇಲ್ಲೇ ಹಾಕುತ್ತಿದ್ದೇನೆ.

ಮೊದಲೇ ಒಂದು ಮಾತು. ಸಿಗರೇಟಿನ ಚಟವೇ ಇಲ್ಲದವರಿಗೆ ಈ ಬರಹದಿಂದ ಏನೂ ಆಗಬೇಕಿಲ್ಲ, ವೇಪ್‌ನಿಂದ ಅಂತೂ ಖಂಡಿತ ಇಲ್ಲ. ಇದರಲ್ಲೂ ನಿಕೋಟಿನ್ ಇದೆ, ಇದೂ ಚಟವೇ. ಕಾನೂನು ಕೂಡ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ 2019ರಿಂದ ಇದರ ಮಾರಾಟಕ್ಕೇ ನಿಷೇಧ ಇದೆ, ಬೇರೆ ಕೆಲವು ದೇಶಗಳಲ್ಲಿ ಸಿಗರೇಟು ಬಿಡುವವರಿಗೆ ವೈದ್ಯರೇ ಇದನ್ನು ಸೂಚಿಸುವುದುಂಟು. ನಾನು ಮಾತಾಡುತ್ತಿರುವುದು ವರ್ಷಗಟ್ಟಲೆ ಸೇದಿ, ಕಾನೂನು ಒಪ್ಪುವ ಕಡೆ ಇದನ್ನು ಹಿಡಿದು ಸಿಗರೇಟಿನಿಂದ ಹೊರಬರಲು ಒದ್ದಾಡುತ್ತಿರುವ ದೊಡ್ಡವರ ಬಗ್ಗೆ ಮಾತ್ರ.

ನನ್ನ ಮೊದಲನೆಯದು ಬೆರಳುದ್ದದ ಪಾಡ್. ಬಟನ್ ಇಲ್ಲ, ಸ್ಕ್ರೀನ್ ಇಲ್ಲ. ಬಾಯಿಗಿಟ್ಟು ಎಳೆದರೆ ಕೆಲಸ ಮಾಡುತ್ತಿತ್ತು. ನಾಲ್ಕು ತಿಂಗಳು ಸಿಗರೇಟು ಮುಟ್ಟಲಿಲ್ಲ. ಆಮೇಲೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಅದು ಸತ್ತುಹೋಯಿತು. ಚಾರ್ಜಿಗೆ ಹಾಕಿದರೂ ದೀಪ ಹತ್ತಲಿಲ್ಲ. ಒಂದು ಗಂಟೆ ತಡೆದೆ. ಹನ್ನೆರಡಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಪ್ಯಾಕ್ ಸಿಗರೇಟು ತಂದೆ. ನಾಲ್ಕು ತಿಂಗಳ ತಪಸ್ಸು ಒಂದು ಬೆಂಕಿಕಡ್ಡಿಗೆ ಹೋಯಿತು.

ಆ ರಾತ್ರಿ ನನಗೆ ಬೇಕಾಗಿದ್ದದ್ದು ಏನು? ಅಂಥದ್ದೇ ಇನ್ನೊಂದು ಪಾಡ್, ಅಷ್ಟೇ. ಆದರೆ ನಾನು ಮಾಡಿದ್ದೇ ಬೇರೆ.

"ಹೇಗೂ ಹೊಸದು ತಗೋತೀಯ, ದೊಡ್ಡದೇ ತಗೋ ಮಾರಾಯ. ಆ ಪೀಪಿ ಊದಿ ಏನು ಸಿಗುತ್ತೆ ನಿನಗೆ?" ಅಂದ ಗೆಳೆಯ. ಎರಡು ಬ್ಯಾಟರಿ ಹಾಕುವ, 200 ವ್ಯಾಟ್‌ವರೆಗೆ ಹೋಗುವ ಯಂತ್ರ ಮನೆಗೆ ಬಂತು. ನನ್ನ ಹತ್ತಿರ ಇದ್ದದ್ದು ಹಳೆಯ ಪಾಡ್‌ನ ಲಿಕ್ವಿಡ್, ಅಂದರೆ ಕಾದು ಆವಿಯಾಗುವ ನಿಕೋಟಿನ್ ದ್ರವ. ಅದನ್ನೇ ಸುರಿದೆ. ಎರಡು ದಮ್ಮು ಎಳೆದೆ. ತಲೆ ಗಿರ್ರೆಂದಿತು, ಬೆವರು ಇಳಿಯಿತು, ವಾಂತಿ ಬಂದ ಹಾಗಾಯಿತು. ಗೋಡೆ ಹಿಡಿದು ಕೂತುಬಿಟ್ಟೆ. ರೂಮಿನ ತುಂಬ ಮೋಡ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇದು ಬಿಡೋದಕ್ಕಾ, ಹೊಸದಾಗಿ ಶುರು ಮಾಡೋದಕ್ಕಾ?" ಅಂದಳು.

ಯಾಕೆ ಹೀಗಾಯಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಇದನ್ನು ಮೊದಲೇ ತಿಳಿದಿದ್ದರೆ ದುಡ್ಡು ಉಳಿಯುತ್ತಿತ್ತು.

ವೇಪ್ ಎಳೆಯುವುದರಲ್ಲಿ ಎರಡು ದಾರಿ. ಒಂದು, ಸಿಗರೇಟಿನ ಹಾಗೆ ಮೊದಲು ಬಾಯಿಗೆ ತುಂಬಿಕೊಂಡು ಆಮೇಲೆ ಎದೆಗೆ ಇಳಿಸುವುದು. ಇನ್ನೊಂದು, ಉಸಿರು ಎಳೆದ ಹಾಗೆ ನೇರ ಎದೆಗೇ ಎಳೆಯುವುದು. ಮೊದಲನೆಯದಕ್ಕೆ ಗಾಳಿ ಬಿಗಿಯಾಗಿ ಬರಬೇಕು, ಎರಡನೆಯದಕ್ಕೆ ಸಡಿಲ. ಸಿಗರೇಟು ಸೇದಿದವರಿಗೆ ಹೆಚ್ಚಾಗಿ ಮೊದಲನೆಯದೇ ಒಗ್ಗುವುದು. ದೊಡ್ಡ ಯಂತ್ರಗಳು ಎರಡನೆಯದಕ್ಕೆ ಮಾಡಿದಂಥವು.

ಈ ವ್ಯತ್ಯಾಸ ಕಾಯಿಲ್‌ನಲ್ಲೇ ಕಾಣುತ್ತದೆ. ಕಾಯಿಲ್ ಅಂದರೆ ಹತ್ತಿಯ ಜೊತೆ ಕೂರಿಸಿದ ಪುಟ್ಟ ತಂತಿ. ಅದು ಕಾದಾಗ ಹತ್ತಿ ಹೀರಿದ ಲಿಕ್ವಿಡ್ ಆವಿಯಾಗುತ್ತದೆ. ತಂತಿಯ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ. ನನ್ನ ಪಾಡ್‌ನ ಕಾಯಿಲ್ 1 ಓಮ್, 12 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತಿತ್ತು. ದೊಡ್ಡದರದ್ದು 0.2 ಓಮ್, ನಾನು ಇಟ್ಟಿದ್ದು 60 ವ್ಯಾಟ್. ಒಂದೊಂದು ದಮ್ಮಿಗೆ ಎಷ್ಟೋ ಪಟ್ಟು ಜಾಸ್ತಿ ಲಿಕ್ವಿಡ್ ಆವಿಯಾಗಿ ನೇರ ಎದೆಗೆ. ಮೇಲಾಗಿ ಅದು ಮಿಲಿಲೀಟರ್‌ಗೆ 50 ಮಿಲಿಗ್ರಾಂ ನಿಕೋಟಿನ್ ಇದ್ದ ಸಾಲ್ಟ್ ಲಿಕ್ವಿಡ್, ನಿಕೋಟಿನ್ ಜಾಸ್ತಿ ಇದ್ದರೂ ಗಂಟಲಿಗೆ ಅಷ್ಟು ಉರಿ ಎನಿಸದ ಬಗೆ. ದೊಡ್ಡ ಯಂತ್ರ ಬಳಸುವವರು ಸಾಮಾನ್ಯವಾಗಿ 3 ಅಥವಾ 6 ಮಿಲಿಗ್ರಾಂನದ್ದು ಹಾಕುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಂತೂ 20 ಮಿಲಿಗ್ರಾಂ ದಾಟಿದ್ದನ್ನು ಮಾರುವಂತೆಯೇ ಇಲ್ಲ. ನಾನು ಗೋಡೆ ಹಿಡಿದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಲಿಕ್ವಿಡ್‌ನ ಮಂದವೂ ಬೇರೆ ಬೇರೆ. ಗ್ಲಿಸರಿನ್ ಜಾಸ್ತಿ ಇದ್ದರೆ ಮಂದ, ಮೋಡ ದಟ್ಟ. ಅದನ್ನು ಪಾಡ್‌ಗೆ ಹಾಕಿದರೆ ಪುಟ್ಟ ತೂತುಗಳಲ್ಲಿ ಇಳಿಯದೆ ಹತ್ತಿ ಸುಡುತ್ತದೆ. ತೆಳುವಾದದ್ದನ್ನು ದೊಡ್ಡ ಟ್ಯಾಂಕಿಗೆ ಹಾಕಿದರೆ ಸೋರಿ ಜೇಬು ಒದ್ದೆ. ಅಂದರೆ ಯಂತ್ರ ಬದಲಾದರೆ ಲಿಕ್ವಿಡ್, ಕಾಯಿಲ್, ಎಳೆಯುವ ಅಭ್ಯಾಸ ಎಲ್ಲವೂ ಬದಲಾಗಬೇಕು. ಖರ್ಚೂ ಅಷ್ಟೇ. ಪಾಡ್‌ನಲ್ಲಿ ನನಗೆ ದಿನಕ್ಕೆ 2 ಮಿಲಿಲೀಟರ್ ಸಾಕಾಗುತ್ತಿತ್ತು. ದೊಡ್ಡದು ಮಧ್ಯಾಹ್ನದೊಳಗೇ ಅಷ್ಟನ್ನು ಕುಡಿದು ಮುಗಿಸುತ್ತಿತ್ತು.

ಹಾಗಾದರೆ "ಪಾಡ್ ಸಾಕಾಗ್ತಿಲ್ಲ" ಅನ್ನುವವರು ಏನು ಮಾಡಬೇಕು? ಏನು ಸಾಕಾಗುತ್ತಿಲ್ಲ ಅಂತ ಮೊದಲು ನೋಡಬೇಕು. ಸುಟ್ಟ ರುಚಿ ಬರುತ್ತಿದೆಯಾ? ಅದು ಕಾಯಿಲ್ ಮುಗಿದ ಗುರುತು. ವಾರ, ಎರಡು ವಾರಕ್ಕೊಮ್ಮೆ ಬದಲಾಯಿಸಬೇಕು. ಸಿಹಿ ಜಾಸ್ತಿ ಇರುವ ಲಿಕ್ವಿಡ್ ಆದರೆ ಇನ್ನೂ ಬೇಗ ಕರಿ ಕಟ್ಟುತ್ತದೆ. ಹೊಸ ಕಾಯಿಲ್ ಹಾಕಿ, ಲಿಕ್ವಿಡ್ ತುಂಬಿ, ಹತ್ತು ನಿಮಿಷ ಸುಮ್ನೆ ಬಿಡಿ. ಹತ್ತಿ ಚೆನ್ನಾಗಿ ನೆನೆಯಲಿ. ಇಲ್ಲದಿದ್ದರೆ ಮೊದಲ ದಮ್ಮಿಗೇ ಸುಟ್ಟು ಹಾಳು. ಸುಟ್ಟ ರುಚಿಯನ್ನು ಸಹಿಸಿಕೊಂಡು ಎಳೆಯಲೇಬೇಡಿ. ಒಣ ಹತ್ತಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್‌ನಂಥ ವಿಷ ಹುಟ್ಟುತ್ತದೆ.

ಗಂಟಲಿಗೆ ಏನೂ ತಾಗುತ್ತಿಲ್ಲವಾ? ಗಾಳಿಯ ಕಿಂಡಿಯನ್ನು ಸ್ವಲ್ಪ ಮುಚ್ಚಿ ನೋಡಿ. ಆಸೆ ತೀರುತ್ತಿಲ್ಲ, ದಿನವಿಡೀ ಬಾಯಲ್ಲೇ ಇದೆ ಅಂದರೆ ನಿಕೋಟಿನ್ ನಿಮಗೆ ಕಡಿಮೆ ಬೀಳುತ್ತಿರಬಹುದು. ಅದಕ್ಕೆ ಬೇಕಾದದ್ದು ಬೇರೆ ಬಾಟಲಿ, ಬೇರೆ ಯಂತ್ರ ಅಲ್ಲ. ಕೆಳಗೆ ಅಂಟಂಟು ನೀರಿನ ಹಾಗೆ ಬರುವುದು ಎಷ್ಟೋ ಸಲ ಸೋರಿಕೆಯೇ ಅಲ್ಲ, ಆವಿ ತಣ್ಣಗಾಗಿ ನಿಂತದ್ದು. ಒರೆಸಿದರೆ ಆಯಿತು.

ಬ್ಯಾಟರಿ ಬೇಗ ಮುಗಿಯುತ್ತದೆ ಅನ್ನುವ ದೂರು ಮಾತ್ರ ನಿಜವಾದದ್ದು. ಅದಕ್ಕೆ ಹೊಸದು ಬೇಕೇ ಬೇಕು. ಆದರೆ 400 ಎಂಎಎಚ್ ಇದ್ದವರಿಗೆ 1000 ಎಂಎಎಚ್‌ನ ಪಾಡ್ ಸಾಕು, ಕ್ರೇನ್ ಬೇಡ.

ದೊಡ್ಡವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಬಿಡಿ ಸೆಲ್‌ಗಳನ್ನು ನಾವೇ ಹಾಕಬೇಕು. ಅದೇ ಬೇರೆ ಪಾಠ. ಈ ಸೆಲ್‌ಗಳ ಒಂದು ಅಳತೆಯ ಹೆಸರು 18650, ಅಂದರೆ 18 ಮಿಲಿಮೀಟರ್ ಅಗಲ, 65 ಉದ್ದ. 9900 ಎಂಎಎಚ್ ಅಂತ ಬರೆದ 18650 ಕಂಡರೆ ಸೀದಾ ಸುಳ್ಳು ಅಂತ ತಿಳಿಯಿರಿ, ಆ ಅಳತೆಯ ಸೆಲ್‌ನಲ್ಲಿ ಅದರ ಅರ್ಧವೂ ಹಿಡಿಯುವುದಿಲ್ಲ. ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಿದರೆ ಶಾರ್ಟ್ ಆಗಿ ತೊಡೆ ಸುಟ್ಟುಕೊಂಡವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು. ಮೇಲಿನ ಹೊದಿಕೆ ಹರಿದದ್ದನ್ನು ಬಳಸಲೇಬಾರದು. ಇನ್ನು ಮೆಕ್ಯಾನಿಕಲ್ ಮಾಡ್‌ಗಳು, ಅಂದರೆ ಕರೆಂಟನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಚಿಪ್ ಒಳಗೆ ಇಲ್ಲದ ವೇಪ್‌ಗಳು. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ 4.2 ವೋಲ್ಟ್. ಅದು 0.2 ಓಮ್ ಕಾಯಿಲ್‌ಗೆ ನೇರ ತಾಗಿದರೆ 21 ಆಂಪಿಯರ್ ಹರಿಯುತ್ತದೆ. ಅಷ್ಟನ್ನು ತಾಳದ ಸೆಲ್‌ಗಳು ಬೇಕಾದಷ್ಟಿವೆ, ತಪ್ಪಾದರೆ ತಡೆಯುವವರು ಯಾರೂ ಇಲ್ಲ. ಹೊಸಬರು ಅದರ ಹತ್ತಿರವೂ ಹೋಗಬೇಡಿ.

ಮೋಡ ಬಿಡುವುದೇ ಖುಷಿ ಅನ್ನುವವರಿಗೆ ದೊಡ್ಡದು ಸರಿ ಇರಬಹುದು. ಆದರೆ ಆ ಖುಷಿಯನ್ನು ಸಿಗರೇಟು ಬಿಡುವ ಲೆಕ್ಕಕ್ಕೆ ಬರೆಯಬೇಡಿ. ನಾನು ಹಾಗೇ ಬರೆದುಕೊಂಡಿದ್ದೆ. ಫಲವಾಗಿ ಆ ಹತ್ತು ದಿನ ಅದೂ ಇತ್ತು, ಸಿಗರೇಟೂ ಇತ್ತು. ಎರಡನ್ನೂ ಸೇದುವುದಾದರೆ ಬಿಟ್ಟಿದ್ದು ಏನು ಮಣ್ಣು?

ಕೊನೆಗೆ ಹಳೆಯದರ ಜಾತಿಯದ್ದೇ ಎರಡು ಪಾಡ್ ತಂದೆ. ತುಂಬಿಸಿಕೊಳ್ಳಬಹುದಾದದ್ದು, ಗಾಳಿಯ ಕಿಂಡಿ ಇರುವಂಥದ್ದು. ಎರಡಕ್ಕೂ ಒಂದೇ ಕಾಯಿಲ್, ಒಂದೇ ಲಿಕ್ವಿಡ್, ಒಂದೇ ಚಾರ್ಜರ್. ಕೊಳ್ಳುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: ಇದರ ಕಾಯಿಲ್ ಆರು ತಿಂಗಳ ನಂತರವೂ ಸಿಗುತ್ತಾ? ಒಂದು ಬ್ಯಾಗಿನಲ್ಲಿ, ಒಂದು ಮನೆಯಲ್ಲಿ ಎತ್ತರದ ಕಪಾಟಿನಲ್ಲಿ. ಲಿಕ್ವಿಡ್ ಬಾಟಲಿಯೂ ಅಲ್ಲೇ, ಮಕ್ಕಳ ಹೊಟ್ಟೆಗೆ ಹೋದರೆ ಅದು ವಿಷ. ಆಮೇಲೆ ಮಧ್ಯರಾತ್ರಿ ಚಪ್ಪಲಿ ಮೆಟ್ಟುವ ಪ್ರಸಂಗ ಬಂದಿಲ್ಲ. ನಿಕೋಟಿನ್ 50ರಿಂದ 20ಕ್ಕೆ, ಈಗ 10ಕ್ಕೆ ಇಳಿದಿದೆ. ಸೊನ್ನೆಗೆ ಬಂದ ದಿನ ಈ ಎರಡನ್ನೂ ಎಸೆಯುವ ಯೋಚನೆ ಇದೆ.

ಆ ಹುಡುಗನಿಗೆ ನಿನ್ನೆ ರಾತ್ರಿ ಚಿಕ್ಕದಾಗಿ ಇಷ್ಟೇ ಬರೆದೆ: ಕಾಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು? ಬೆಳಿಗ್ಗೆ ಉತ್ತರ ಬಂತು. "ಅಯ್ಯೋ ಅಣ್ಣಾ, ಅದನ್ನು ಬದಲಾಯಿಸಬೇಕಾ? ಇವತ್ತು ಹೊಸದು ಹಾಕಿದೆ, ಸೂಪರ್ ಆಗಿದೆ. ಆದ್ರೂ ಒಂದು ದೊಡ್ಡದು ನೋಡ್ಲಾ?"